ಬಿಳಿ ಗೋಡೆ ಬೇಕು, ಆಸ್ಪತ್ರೆ ಕಳೆ ಬೇಡ
ಮೈಸೂರಿನ ನಮ್ಮ ಹಳೇ ಮನೆಯ ನಡುಮನೆಗೆ ಬಿಳಿ ಬಣ್ಣ ಅಂದಾಗ ಅಮ್ಮ, 'ಆಸ್ಪತ್ರೆ ವಾರ್ಡ್ ಮಾಡ್ತೀಯಾ?' ಅಂದಿದ್ದರು. ಮೊದಲ ಸಲ ಹಾಗೇ ಆಯಿತು. ಕಿಟಕಿ ಇರುವುದು ಉತ್ತರಕ್ಕೆ, ಬಿಸಿಲು ಬರುವುದೇ ಕಮ್ಮಿ. ಅಪ್ಪಟ ಬಿಳಿ ಅಲ್ಲಿ ನೀಲಿ ತಿರುಗಿದಂತೆ ಕಾಣುತ್ತಿತ್ತು. ಮೇಲೆ 6500 ಕೆಲ್ವಿನ್ ಟ್ಯೂಬ್‌ಲೈಟ್ ಬೇರೆ! (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ; ಅಂಕಿ ಹೆಚ್ಚಿದಷ್ಟೂ ಬೆಳಕು ನೀಲಿ, ಕಮ್ಮಿಯಾದಷ್ಟೂ ಹಳದಿ.)

ಈ ಸಲ ತುಸು ಹಳದಿ ಬೆರೆತ, ಹೊಳಪಿಲ್ಲದ ಎಮಲ್ಷನ್ ತಂದೆ. ಹಾಲಿನ ಕೆನೆ ಬಣ್ಣ ಅನ್ನಿ. ಮೊದಲು ಗೋಡೆಯಲ್ಲಿ ಎರಡಡಿ ಹಚ್ಚಿಸಿ, ಬೆಳಿಗ್ಗೆ ಸಂಜೆ ನೋಡಿಯೇ ಒಪ್ಪಿದ್ದು. ಎರಡು ಕೋಟ್ ಸಾಕಾಯಿತು. ಆದರೆ ರೂಮನ್ನು ನಿಜವಾಗಿ ಉಳಿಸಿದ್ದು 2700 ಕೆಲ್ವಿನ್ನಿನ 9 ವಾಟ್ ಎಲ್‌ಇಡಿ ಬಲ್ಬು. ಸಂಜೆ ಹಾಕಿದರೆ ಎಣ್ಣೆ ದೀಪ ಹಚ್ಚಿಟ್ಟ ಹಾಗಿರುತ್ತದೆ. ರೆಡ್ ಆಕ್ಸೈಡ್ ನೆಲ, ಅಜ್ಜಿಯ ತೇಗದ ಬೀರು, ನವಲಗುಂದದ ಜಮಖಾನ ಎಲ್ಲ ಈಗ ಎದ್ದು ಕಾಣುತ್ತವೆ.

ದೂರೂ ಇದೆ. ಸ್ವಿಚ್ ಬೋರ್ಡ್ ಸುತ್ತ ಆಗಲೇ ಬೆರಳ ಗುರುತು. ಒದ್ದೆ ಬಟ್ಟೆಯಲ್ಲಿ ಉಜ್ಜಿದೆ, ಅಷ್ಟು ಜಾಗ ಮಾತ್ರ ಮಿರಮಿರ ಹೊಳೆಯುತ್ತಿದೆ. ಚಿಕ್ಕ ಮಕ್ಕಳಿದ್ದರೆ ತೊಳೆಯಬಹುದಾದ ಬಗೆಯೇ ಕೊಳ್ಳಿ, ದುಡ್ಡು ಸ್ವಲ್ಪ ಜಾಸ್ತಿ ಆದರೂ ಸರಿ. ಓದಲು ಬೇರೆ ಟೇಬಲ್ ಲ್ಯಾಂಪ್ ಬೇಕೇ ಬೇಕು. ಅಮ್ಮ ಮಾತ್ರ ಈಗ ದಿನಾ ಅಲ್ಲೇ ಕೂತು ಮಲ್ಲಿಗೆ ಕಟ್ಟುತ್ತಾರೆ.