ಬೀದರ್‌ನಲ್ಲಿ ಅಡಿಪಾಯಕ್ಕೆ ಮುನ್ನ ಮಣ್ಣು ಪರೀಕ್ಷೆ: ಒಂದು ಖಾಸಗಿ ಸೇವೆಯ ವಿಮರ್ಶೆ

ನೌಬಾದ್ ಕಡೆಯ ನಮ್ಮ ನಿವೇಶನದಲ್ಲಿ ಈ ಸಂಸ್ಥೆ ಮಾಡಿದ ಕ್ಷೇತ್ರಕಾರ್ಯ ಚೆನ್ನಾಗಿದೆ, ವರದಿ ಮಾತ್ರ ಅಷ್ಟಕ್ಕಷ್ಟೇ. 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಿ, ಮಾದರಿ ತೆಗೆಯುವ ಕೊಳವೆ ನೆಲದೊಳಗೆ ಕೊನೆಯ 30 ಸೆಂ.ಮೀ. ಇಳಿಯಲು ಬೇಕಾದ ಪೆಟ್ಟುಗಳನ್ನು ಎಣಿಸಿ ಮಣ್ಣಿನ ಗಟ್ಟಿತನ ಅಳೆಯುವ ಪರೀಕ್ಷೆಯನ್ನು ಸಿಬ್ಬಂದಿ ಅವಸರವಿಲ್ಲದೆ ನಡೆಸಿದರು. ಮೇಲಿನ ಜಂಬಿಟ್ಟಿಗೆ ತುಕ್ಕಿನ ಬಣ್ಣದಲ್ಲಿ, ತೂತುತೂತಾಗಿ ಗಟ್ಟಿಯಾಗಿ ಬಂದರೆ, ಅದರಡಿಯ ಮಾದರಿ ಬೆರಳಲ್ಲಿ ಹಿಸುಕಿದಾಗ ಸಾಬೂನಿನಂತೆ ಜಾರುವ ಬಿಳಿಚು ಜೇಡಿಯಾಗಿತ್ತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದ ಕಲ್ಲು ಇದ್ದಲ್ಲೇ ಶಿಥಿಲಗೊಂಡು ಆದ ಪದರಗಳಿವು.

ಜಂಬಿಟ್ಟಿಗೆಯಲ್ಲಿ ಇಂಗಿದ ಮಳೆನೀರು ಕೆಳಗಿನ ಬಿಗಿ ಪದರದ ಮೇಲೆ ತಡೆದು ನಿಲ್ಲುತ್ತದೆ. ಬಹಮನಿಗಳ ಕಾಲದವರು ಕರೇಜ್ ಸುರಂಗಗಳನ್ನು ಕೊರೆದು ಊರಿಗೆ ಹರಿಸಿದ್ದು ಇಂಥದೇ ನೀರನ್ನು. ಹೀಗಿರುವಾಗ ವರದಿಯಲ್ಲಿ ಮಳೆಗಾಲದ ನೀರಿನ ಮಟ್ಟದ ಅಂದಾಜು ಇರಲೇಬೇಕಿತ್ತು. ಬೇಸಿಗೆಯ ಒಂದು ಅಂಕಿ ಕೊಟ್ಟು ಕೈತೊಳೆದುಕೊಂಡಿದ್ದಾರೆ. ಶಿಫಾರಸಿನ ಪುಟವಂತೂ ನೆನೆದರೆ ಉಬ್ಬಿ ಒಣಗಿದರೆ ಬಿರಿಯುವ ಕಲಬುರಗಿಯ ಎರೆಮಣ್ಣಿಗೆಂದೇ ಬರೆದಂತಿತ್ತು. ಆಕ್ಷೇಪಿಸಿದ ಬಳಿಕ ಹೆಚ್ಚುವರಿ ಶುಲ್ಕವಿಲ್ಲದೆ ತಿದ್ದಿಕೊಟ್ಟರೆಂಬುದನ್ನೂ ಹೇಳಬೇಕು. ಇವರನ್ನು ಕರೆಸುವವರು ಮಾದರಿಗಳನ್ನು ಆಳದ ಗುರುತಿನೊಂದಿಗೆ ತಾವೇ ನೋಡಿ, ಜೇಡಿ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಬರಹದಲ್ಲೇ ಪಡೆದು, ಆಮೇಲೆ ಹಣ ಕೊಡುವುದು ಒಳ್ಳೆಯದು.