ಯಾವ ತೈಝೌ? ಪ್ಲೆಕೊ ನಿಘಂಟು ಬಳಸಿದವಳ ಅನುಭವ

ಪೀಣ್ಯದ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಆಮದಿನ ಕಾಗದಪತ್ರ ನೋಡಿಕೊಳ್ಳುವವಳು ನಾನು. ನಮ್ಮ ಮೋಲ್ಡ್‌ಗಳು, ಅಂದರೆ ಪ್ಲಾಸ್ಟಿಕ್ ಎರಕದ ಅಚ್ಚುಗಳು, ಬರುವುದು ಚೀನಾದ ತೈಝೌ ನಗರದ ಹುವಾಂಗ್‌ಯಾನ್ ಭಾಗದಿಂದ. ಮೋಲ್ಡ್ ಕೆಲಸಕ್ಕೆ ಹೆಸರಾದ ಜಾಗ ಅದು. ನಿಂಗ್‌ಬೋ ಬಂದರಿನಲ್ಲಿ ಹಡಗು ಹತ್ತಿದ ಮಾಲು ಚೆನ್ನೈಗೆ ಬಂದು, ಅಲ್ಲಿಂದ ವೈಟ್‌ಫೀಲ್ಡ್ ಡಿಪೋಗೆ ಬರುತ್ತದೆ.

ಹೋದ ವರ್ಷ ನಮ್ಮ ಎಂಜಿನಿಯರ್ ಸಾರ್ ಮೋಲ್ಡ್ ಟ್ರಯಲ್ ನೋಡಲು ಹೊರಟಿದ್ದರು. ಟ್ರಾವೆಲ್ ಏಜೆಂಟರಿಗೆ ನಾನು ಇಂಗ್ಲಿಷಿನಲ್ಲಿ ‘ತೈಝೌ’ ಅಂತಷ್ಟೇ ಬರೆದು ಕಳಿಸಿದ್ದೆ. ಅವರು ಹೋಟೆಲ್ ಹಿಡಿದದ್ದೂ ತೈಝೌನಲ್ಲೇ, ಆದರೆ ಜಿಯಾಂಗ್ಸು ಪ್ರಾಂತ್ಯದ ತೈಝೌನಲ್ಲಿ. ನಮಗೆ ಬೇಕಾಗಿದ್ದದ್ದು ಝೆಜಿಯಾಂಗ್ ಪ್ರಾಂತ್ಯದ್ದು. ಶಾಂಘೈನಿಂದ ಒಂದಕ್ಕೆ ಯಾಂಗ್‌ತ್ಸೆ ನದಿ ದಾಟಿ ಉತ್ತರಕ್ಕೆ ಹೋಗಬೇಕು, ಇನ್ನೊಂದಕ್ಕೆ ದಕ್ಷಿಣಕ್ಕೆ. ಎರಡರ ನಡುವೆ ನೇರ ಗೆರೆ ಎಳೆದರೂ 400 ಕಿ.ಮೀ. ಮೀರುತ್ತದೆ. ಮೋಲ್ಡ್ ಕಂಪನಿಯ ಹುಡುಗಿಗೆ ಹೋಟೆಲ್ ವೋಚರ್ ಕಳಿಸಿದಾಗ ಅವಳೇ ಕಂಡುಹಿಡಿದು ಹೇಳಿದಳು. ಒಂದು ರಾತ್ರಿಯ ಬಾಡಿಗೆ ಹೋಯಿತು, ಸಾರ್ ದಾರಿ ತಪ್ಪಲಿಲ್ಲ. ಪ್ರಾಂತ್ಯದ ಹೆಸರು ಬರೆಯದೆ ಬಿಟ್ಟವಳು ನಾನೇ ಅನ್ನುವುದು ಮಾತ್ರ ಮನಸ್ಸಿನಲ್ಲಿ ಉಳಿಯಿತು. ನನ್ನೂರು ದೊಡ್ಡಬಳ್ಳಾಪುರ. ಬರೀ ‘ಬಳ್ಳಾಪುರ’ ಅಂತ ಬರೆದು ಚಿಕ್ಕಬಳ್ಳಾಪುರಕ್ಕೆ ಹೋದ ಲಗ್ನಪತ್ರಿಕೆಗಳನ್ನು ಕಂಡವಳಿಗೆ ಇದು ಹೊಳೆಯಬೇಕಿತ್ತು.

ಆ ವಾರವೇ ಫೋನಿಗೆ ಪ್ಲೆಕೊ ಹಾಕಿಕೊಂಡೆ. ಇದು ಚೀನೀ-ಇಂಗ್ಲಿಷ್ ನಿಘಂಟು. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಸಿಗುತ್ತದೆ, ಮೂಲ ನಿಘಂಟು ಪುಕ್ಕಟೆ. ‘ತೈಝೌ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಎರಡು ಊರುಗಳೂ ಬರುತ್ತವೆ. ಬೇರೆ ಬೇರೆ ಚೀನೀ ಅಕ್ಷರ, ಬೇರೆ ಬೇರೆ ಟೋನ್ (ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತ), ಪಕ್ಕದಲ್ಲೇ ಪ್ರಾಂತ್ಯದ ಹೆಸರು. ಝೆಜಿಯಾಂಗಿನದ್ದು ಮೊದಲನೇ ಟೋನ್, ದನಿ ಮೇಲೆಯೇ ಸಮವಾಗಿ ನಿಲ್ಲುತ್ತದೆ. ಜಿಯಾಂಗ್ಸುವಿನದ್ದು ನಾಲ್ಕನೆಯದು, ಮೇಲಿಂದ ಕೆಳಗೆ ಬೀಳುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗ ಟೋನ್ ಗುರುತು ಬಿಟ್ಟುಹೋಗಿ ಎರಡೂ ಒಂದೇ ಆಗಿಬಿಡುತ್ತವೆ. ಸುಝೌ ಕೂಡ ಎರಡಿದೆ, ಒಂದು ಜಿಯಾಂಗ್ಸು, ಒಂದು ಅನ್ಹುಯಿ. ಫುಝೌ ಎರಡು, ಫುಜಿಯಾನ್ ಮತ್ತು ಜಿಯಾಂಗ್‌ಶಿ. ಅಂದಿನಿಂದ ನಾನು ಬರೆಯುವ ಪ್ರತಿ ಪತ್ರದಲ್ಲೂ ಊರಿನ ಹಿಂದೆ ಪ್ರಾಂತ್ಯ ಇರುತ್ತದೆ, ಕೆಳಗೆ ಚೀನೀ ಅಕ್ಷರವೂ ಇರುತ್ತದೆ. ಚೀನೀಯರ ಮೆಸೇಜ್ ಆ್ಯಪ್ ವೀಚಾಟ್‌ನಲ್ಲಿ ಬಂದ ವಿಳಾಸವನ್ನು ನಕಲು ಮಾಡಿ ಪ್ಲೆಕೊದಲ್ಲಿ ತೆರೆದು, ಅಕ್ಷರದ ಮೇಲೆ ಬೆರಳಿಟ್ಟರೆ ಅರ್ಥ ಬರುತ್ತದೆ. ನೆಟ್ ಬೇಕಿಲ್ಲ. ಚೀನಾದೊಳಗೆ ಗೂಗಲ್ ತೆರೆಯದಿರುವುದರಿಂದ ಸಾರ್‌ಗೆ ಇದು ಬಹಳ ನೆರವಾಯಿತು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಚೀನೀ ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ತೋರಿಸುವ ಪಿನ್‌ಯಿನ್ ಸಾಲನ್ನೇ ಇಂಗ್ಲಿಷ್ ಹೆಸರು ಅಂದುಕೊಂಡು ನಕಲು ಮಾಡಬೇಡಿ, ಕೆಳಗಿರುವ ಅರ್ಥದ ಸಾಲನ್ನು ಓದಿ. ಹಾರ್ಬಿನ್ ಊರಿನ ಪಿನ್‌ಯಿನ್ ‘ಹಾ-ಅರ್-ಬಿನ್’, ಹೊಹ್ಹೋಟ್‌ದು ‘ಹು-ಹ-ಹಾವ್-ತ’. ಹೊಹ್ಹೋಟ್ ಮಂಗೋಲರ ಹೆಸರು, ಲ್ಹಾಸಾ ಟಿಬೆಟಿನವರದ್ದು. ಇಂಗ್ಲಿಷಿನಲ್ಲಿ ಆ ರೂಪಗಳೇ ಸರಿ. ಇದಕ್ಕಿಂತ ಮೋಸ ಹೋಗುವ ಜಾಗ ಶಾನ್‌ಶಿ. ಅಕ್ಕಪಕ್ಕದ ಎರಡು ಪ್ರಾಂತ್ಯಗಳಿಗೆ ಟೋನ್ ಒಂದೇ ವ್ಯತ್ಯಾಸ. ಗುರುತು ತೆಗೆದರೆ ಎರಡೂ ಒಂದೇ ಆಗುತ್ತವೆಂದು ಇಂಗ್ಲಿಷಿನಲ್ಲಿ ಒಂದಕ್ಕೆ ಎರಡು ‘ಎ’ ಹಾಕುತ್ತಾರೆ. ಶಿಆನ್ ನಗರ ಇರುವುದು ಆ ಎರಡು ‘ಎ’ ಪ್ರಾಂತ್ಯದಲ್ಲಿ. ಶಿಆನ್ ಬರೆಯುವಾಗ ‘ಐ’ ಮತ್ತು ‘ಎ’ ನಡುವೆ ಅಪಾಸ್ಟ್ರಫಿ ಗುರುತು ಬೇಕು. ಅದಿಲ್ಲದಿದ್ದರೆ ಎರಡು ಅಕ್ಷರದ ಹೆಸರು ‘ಶ್ಯೆನ್’ ಅಂತ ಒಂದೇ ಉಸಿರಿನ ಬೇರೆ ಪದವಾಗುತ್ತದೆ.

ಹೆಸರು ಹೇಳುವ ವಿಷಯದಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ ಅನ್ನುವುದು ಇದರ ದನಿಮುದ್ರಣ ಕೇಳಿದ ಮೇಲೆ ಗೊತ್ತಾಯಿತು. ಪಿನ್‌ಯಿನ್‌ನ ‘ಬಿ’ ನಮ್ಮ ಬಕಾರ ಅಲ್ಲ, ಉಸಿರಿಲ್ಲದ ಪಕಾರ. ‘ಪಿ’ ಅನ್ನುವುದು ಮಹಾಪ್ರಾಣ. ‘ಡಿ’ ಹೆಚ್ಚುಕಡಿಮೆ ತಕಾರ, ‘ಟಿ’ ಥಕಾರ. ಹಾಗೆ ನೋಡಿದರೆ ನಾವು ಬೀಜಿಂಗ್ ಅನ್ನುವ ಊರು ‘ಪೇಚಿಂಗ್’ಗೆ ಹತ್ತಿರ, ತೈಝೌ ‘ಥಾಯ್‌ಚೋ’ಗೆ. ಅಲ್ಪಪ್ರಾಣ ಮಹಾಪ್ರಾಣ ಒತ್ತಿ ಕಲಿಸಿದ ನಮ್ಮ ಶಾಲೆಯ ಮೇಡಂ ಅವರನ್ನು ನಾನು ನೆನೆದದ್ದು ಆಗ. ವೀಡಿಯೊ ಕಾಲ್‌ನಲ್ಲಿ ಹಾಗೆ ಹೇಳಿದಾಗ ಆ ಕಡೆಯ ಹುಡುಗಿಯ ಮುಖ ಅರಳಿತು.

ಹಳೆಯ ಹೆಸರುಗಳ ಬಗ್ಗೆ ನಿಘಂಟಿನಿಂದ ಪೂರ್ತಿ ಉತ್ತರ ಸಿಗುವುದಿಲ್ಲ, ಅದು ಅದರ ಕೆಲಸವೂ ಅಲ್ಲ. ಗುವಾಂಗ್‌ಝೌ ಹುಡುಕಿದರೆ ‘ಕ್ಯಾಂಟನ್’ ಅಂತಲೂ ತೋರಿಸುತ್ತದೆ. ಯಾವುದನ್ನು ಎಲ್ಲಿ ಬಳಸಬೇಕು ಅನ್ನುವುದನ್ನು ನಾವೇ ತಿಳಿದುಕೊಳ್ಳಬೇಕು. ವಿಳಾಸದಲ್ಲಿ ಗುವಾಂಗ್‌ಝೌ ಅಂತಲೇ ಬರೆಯಬೇಕು, ಆದರೆ 1957ರಿಂದ ನಡೆದುಬಂದ ವ್ಯಾಪಾರ ಮೇಳ ಇವತ್ತಿಗೂ ‘ಕ್ಯಾಂಟನ್ ಫೇರ್’. ಊರು ಬೀಜಿಂಗ್ ಆದರೂ ಅಲ್ಲಿನ ವಿಶ್ವವಿದ್ಯಾಲಯ ತನ್ನನ್ನು ಪೀಕಿಂಗ್ ಯೂನಿವರ್ಸಿಟಿ ಅಂತಲೇ ಕರೆದುಕೊಳ್ಳುತ್ತದೆ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಬೆಂಗಳೂರು ಅಂತ ಬರೆಯುತ್ತಾ, ಬ್ಯಾಂಗಲೋರ್ ಯೂನಿವರ್ಸಿಟಿಯ ಅಂಕಪಟ್ಟಿ ಇಟ್ಟುಕೊಂಡಿರುವ ನಮಗೆ ಇದು ವಿಚಿತ್ರ ಅನ್ನಿಸಬೇಕಿಲ್ಲ.

ಇದರಲ್ಲಿ ಕನ್ನಡ ಇಲ್ಲ. ಚೀನೀ-ಇಂಗ್ಲಿಷ್ ನಿಘಂಟಿನಲ್ಲಿ ನಾನು ಅದನ್ನು ನಿರೀಕ್ಷಿಸಿರಲೂ ಇಲ್ಲ. ಕ್ಯಾಮೆರಾದಿಂದ ಅಕ್ಷರ ಓದಿಸುವ ಭಾಗಕ್ಕೆ ಬೇರೆ ದುಡ್ಡು ಕೊಡಬೇಕು. ಮೇಜಿನ ಮುಂದೆ ಕೂತು ವಿಳಾಸ ಸರಿಮಾಡುವ ನನ್ನಂಥವರಿಗೆ ಪುಕ್ಕಟೆಯದ್ದೇ ಸಾಕು. ಆದರೆ ಮೋಲ್ಡ್ ಪೆಟ್ಟಿಗೆಯ ಮೇಲೆ ಅಂಟಿಸಿದ ಚೀಟಿ ಓದಬೇಕಾದವರು, ಅಲ್ಲಿಗೇ ಹೋಗಿ ಬಸ್ಸು ಹಿಡಿಯಬೇಕಾದವರು ಕೊಟ್ಟು ತೆಗೆದುಕೊಳ್ಳಲಿ. ನಮ್ಮ ಸಾರ್ ತೆಗೆದುಕೊಂಡಿದ್ದಾರೆ.