ಪರೀಕ್ಷೆಗೆ ಸ್ಕ್ರೈಬ್ ಸಿಗುತ್ತಾರೆ, ಓದುವಂಥ ನೋಟ್ಸ್ ಸಿಗುವುದಿಲ್ಲ

ಮೈಸೂರಿನ ಪದವಿ ಕಾಲೇಜೊಂದರ ಸಮಾನ ಅವಕಾಶ ಕೋಶ. ಡಿಸ್‌ಲೆಕ್ಸಿಯಾ (ಓದುವ ತೊಡಕು), ಡಿಸ್‌ಗ್ರಾಫಿಯಾದಂಥ (ಬರೆಯುವ ತೊಡಕು) ಕಲಿಕಾ ನ್ಯೂನತೆ ಇರುವವರಿಗೆ ಸಿಗುವ ಸೇವೆಗೆ 5ಕ್ಕೆ 3 ಅಂಕ.

ಸೆಮಿಸ್ಟರ್ ಪರೀಕ್ಷೆಯ ಮಟ್ಟಿಗೆ ಕೆಲಸ ಅಚ್ಚುಕಟ್ಟು. ಕೇಂದ್ರ ಮಾರ್ಗಸೂಚಿಯಂತೆ ಗಂಟೆಗೆ 20 ನಿಮಿಷ ಹೆಚ್ಚುವರಿ, ಅಂದರೆ ಮೂರು ಗಂಟೆಯ ಪತ್ರಿಕೆಗೆ ನಾಲ್ಕು ಗಂಟೆ. ಸ್ಕ್ರೈಬ್ (ನಾವು ಹೇಳಿದ ಉತ್ತರ ಬರೆದುಕೊಡುವವರು) ಪಡೆದವರಿಗೆ ಬೇರೆ ಕೊಠಡಿ. ಎರಡು ದಿನ ಮೊದಲೇ ಸ್ಕ್ರೈಬ್‌ರನ್ನು ಭೇಟಿ ಮಾಡಿಸುತ್ತಾರೆ; ಅದನ್ನು ಬರೀ ಪರಿಚಯಕ್ಕೆ ಕಳೆಯಬೇಡಿ. ‘ಸಾರ್ವಭೌಮತ್ವ’, ‘ಪುನರ್ವಿಮರ್ಶೆ’ಯಂಥ ಹತ್ತು ಪಾರಿಭಾಷಿಕ ಪದ ಹೇಳಿ ಬರೆಸಿ ನೋಡಿ. ನಾವೇ ಕರೆತರುವ ಸ್ಕ್ರೈಬ್ ನಮಗಿಂತ ಕಡಿಮೆ ಓದಿರಬೇಕೆಂಬ ನಿಯಮವಿದೆ. ಹಾಗಾಗಿ ಅರ್ಕಾವತ್ತು, ಒತ್ತಕ್ಷರಗಳಲ್ಲಿ ಎಡವುವುದು ಸಾಮಾನ್ಯ.

ಕಿರುಪರೀಕ್ಷೆಯಲ್ಲಿ ಇದೆಲ್ಲ ಮಾಯ. ಒಂದು ಗಂಟೆಯ ಟೆಸ್ಟ್‌ಗೆ 20 ನಿಮಿಷ ಸೇರಿಸಬೇಕು, ಆದರೆ ಬೆಲ್ ಹೊಡೆದ ಕೂಡಲೇ ಮುಂದಿನ ತರಗತಿಯವರು ಬಾಗಿಲಲ್ಲಿ ನಿಂತಿರುತ್ತಾರೆ. ವಿಭಾಗದ ಮುಖ್ಯಸ್ಥರಿಗೆ ಪ್ರತ್ಯೇಕ ಪತ್ರ ಕೊಟ್ಟರಷ್ಟೇ ದಾರಿ.

ದಾಖಲೆ ವಿಷಯದಲ್ಲಿ ಕೌಂಟರಿನವರಿಗೇ ಗೊಂದಲ. ನ್ಯೂನತೆ ಶೇ 40ಕ್ಕಿಂತ ಕಡಿಮೆ ಇದ್ದರೆ ವಾಪಸ್ ಕಳಿಸುತ್ತಾರೆ. ಆದರೆ ಶೇ 40ರ ಗೆರೆ ಸೀಟು ಮೀಸಲಾತಿಗೆ. ಬರೆಯಲು ಕಷ್ಟವಿದೆಯೆಂದು ಸರ್ಕಾರಿ ವೈದ್ಯಕೀಯ ಪ್ರಾಧಿಕಾರ ದೃಢೀಕರಿಸಿದರೆ, ಅದಕ್ಕಿಂತ ಕಡಿಮೆ ಇರುವವರಿಗೂ ಸ್ಕ್ರೈಬ್ ಕೊಡಲು 2022ರ ಆಗಸ್ಟ್‌ನ ಮಾರ್ಗಸೂಚಿ ಬಂದಿತ್ತು. ಈಗ ಜಾರಿಯಲ್ಲಿರುವ ಮಾರ್ಗಸೂಚಿಯ ಪ್ರತಿ ಕೈಯಲ್ಲಿರಲಿ. ಇನ್ನೊಂದು: ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಂಥ ಕಡೆ ಮಾಡಿಸಿದ ತಪಾಸಣೆಯ ವರದಿ ಬೇರೆ, ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡ್ ಬೇರೆ. ವರದಿ ಇದ್ದರೆ ಕಾರ್ಡ್ ಬಂದಂತಲ್ಲ.

ಎರಡು ಅಂಕ ಕಳೆದದ್ದು ಓದುವ ಸಾಮಗ್ರಿಗಾಗಿ. ಕೋಶದ ಕಂಪ್ಯೂಟರಿನಲ್ಲಿ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೇನೋ ಇದೆ, ಓದಲು ಅದಕ್ಕೆ ಏನೂ ಇಲ್ಲ. ಅಧ್ಯಾಪಕರ ಕನ್ನಡ ನೋಟ್ಸ್ ಬಹುಪಾಲು ಹಳೆಯ ನುಡಿ ಫಾಂಟಿನ ಪಿಡಿಎಫ್. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ, ಅದನ್ನೇ ಓದುತ್ತದೆ. ಪಿಡಿಎಫ್ ಬೇಡ, ಮೂಲ ವರ್ಡ್ ಫೈಲ್ ಕೇಳಿ, ಕಂಪ್ಯೂಟರು ಕನ್ನಡವೆಂದೇ ಗುರುತಿಸುವ ಯೂನಿಕೋಡ್‌ಗೆ ಪರಿವರ್ತಿಸಿ. ಪರಿವರ್ತನೆಯಲ್ಲಿ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಾರುವುದುಂಟು, ಯಾರಾದರೂ ಒಮ್ಮೆ ಕಣ್ಣಾಡಿಸಬೇಕು. ಜೆರಾಕ್ಸ್ ಪುಟಗಳಾದರೆ 300 ಡಿಪಿಐನಲ್ಲಿ ನೇರವಾಗಿ ಸ್ಕ್ಯಾನ್ ಮಾಡಿ ಓಸಿಆರ್‌ಗೆ (ಚಿತ್ರದಲ್ಲಿರುವ ಅಕ್ಷರಗಳನ್ನು ಪಠ್ಯವಾಗಿಸುವ ತಂತ್ರಾಂಶ) ಕೊಡಿ. ಮೊಬೈಲಿನಲ್ಲಿ ಓರೆಯಾಗಿ ತೆಗೆದ ಫೋಟೊ ಆದರೆ ಒತ್ತಕ್ಷರಗಳೇ ಉದುರಿಹೋಗುತ್ತವೆ. ಮುದ್ರಿತ ಪಠ್ಯ ಓದಲಾಗದವರಿಗೆಂದೇ ಇರುವ ಸುಗಮ್ಯ ಪುಸ್ತಕಾಲಯಕ್ಕೆ ಸದಸ್ಯತ್ವ ಮಾಡಿಸುವ ಕೆಲಸವನ್ನೂ ಕೋಶ ಮಾಡುತ್ತಿಲ್ಲ. ಅರ್ಧ ಗಂಟೆಯ ಕೆಲಸ!

ಅರ್ಜಿಯನ್ನು ಸೆಮಿಸ್ಟರ್‌ನ ಮೊದಲ ತಿಂಗಳಲ್ಲೇ ಕೊಡಿ. ಹಾಲ್ ಟಿಕೆಟ್ ಬಂದ ಮೇಲೆ ಹೋದರೆ ಬೇರೆ ಕೊಠಡಿಯೂ ಮೇಲ್ವಿಚಾರಕರೂ ಸಿಗುವುದು ಅನುಮಾನ.